ಊರ ಕಾಯಿ ತುಂಬಿದ ಅಟ್ಟ

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣನ್ನು ನೋಡುವುದಿಲ್ಲ, ತಲೆ ಎತ್ತಿ ಅಟ್ಟ ನೋಡುತ್ತಾರೆ. ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತು ಒಳಗೇ ಒಣಗಿ ಕೊಬ್ಬರಿಯಾಗಬೇಕು. ಅಷ್ಟು ದಿನ ಮಾರದೆ ಕಾಯುವ ತಾಕತ್ತು ಆ ಮನೆಗೆ ಇದೆಯೋ ಇಲ್ಲವೋ ಎಂಬುದು ಅಟ್ಟ ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ಅಟ್ಟ ಖಾಲಿ ಇರುವ ಮನೆಗೆ ಗಂಡಿನ ಕಡೆಯವರು ಬರುವ ಹಿಂದಿನ ದಿನ ಅಕ್ಕಪಕ್ಕದವರು ತಮ್ಮ ತಮ್ಮ ಅಟ್ಟದಿಂದ ಕಾಯಿ ಇಳಿಸಿ, ಚೀಲದಲ್ಲಿ ಹೊತ್ತು ತಂದು ತುಂಬಿಸಿಕೊಡುತ್ತಾರೆ. ಮಾತುಕತೆ ಗಟ್ಟಿಯಾದ ಮೇಲೆ ಅವರವರ ಕಾಯಿ ಅವರವರ ಮನೆಗೆ ವಾಪಸ್ಸು. ಇದನ್ನು ನಮ್ಮ ಬೀದಿಯಲ್ಲಿ ಯಾರೂ ಮೋಸ ಅನ್ನುವುದಿಲ್ಲ. ಮದುವೆಗೆ ಪಾತ್ರೆ ಎರವಲು ಕೊಡುತ್ತೇವಲ್ಲ, ಇದೂ ಹಾಗೇ.

ಈ ಎರವಲು ಶಾಂತಕುಮಾರಿಯನ್ನು ಇನ್ನೇನು ಮುಳುಗಿಸಿಬಿಡುತ್ತಿತ್ತು. ಅದರಲ್ಲಿ ನನ್ನ ಬಾಯಿಯ ಪಾಲೂ ಇತ್ತು.

ನಾನು ರುದ್ರೇಶ್. ಬಿಳಿಗೆರೆ ಬಸ್ ಸ್ಟಾಪಿನ ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಪಹಣಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ ಎಲ್ಲ ನನ್ನ ಕೈಮೇಲೇ ಹೋಗುತ್ತವೆ. ಊರಿನವರ ಗುಟ್ಟೆಲ್ಲ ನನ್ನ ಮೆಷಿನ್ನಿನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿದೆ. ನನಗೆ ಬಾಯಿ ಬಿಗಿ ಇಲ್ಲ ಎಂದು ನನ್ನ ಹೆಂಡತಿ ಮೊದಲಿನಿಂದಲೂ ಹೇಳುತ್ತಾಳೆ. ಅದು ಸುಳ್ಳು ಎಂದು ವಾದ ಮಾಡುವ ಹಕ್ಕನ್ನು ನಾನು ಈ ವರ್ಷ ಕಳೆದುಕೊಂಡೆ.

ಶಾಂತಕುಮಾರಿ ನಮ್ಮ ಬೀದಿಯ ಕೊನೆ ಮನೆಯವಳು, ವಯಸ್ಸು ನಲವತ್ತೊಂದು. ಗಂಡ ಮಹಾಂತೇಶ್ ತಿಪಟೂರಿನಲ್ಲಿ ಇನ್ನೊಬ್ಬರ ಗೂಡ್ಸ್ ಆಟೋ ಓಡಿಸುತ್ತಾನೆ. ಒಬ್ಬಳೇ ಮಗಳು ಜೀವಿತಾ ಬಿ.ಕಾಂ. ಮುಗಿಸಿ ಅಲ್ಲೇ ಒಂದು ಮೆಡಿಕಲ್ ಸ್ಟೋರಿಗೆ ಕೆಲಸಕ್ಕೆ ಹೋಗುತ್ತಾಳೆ. ಮಹಾಂತೇಶನ ಅಜ್ಜನ ಕಾಲಕ್ಕೆ ಅದು ನಿಜವಾಗಿಯೂ ದೊಡ್ಡ ತೋಟದ ಮನೆ. ಭಾಗವಾಗಿ ಭಾಗವಾಗಿ ಇವನ ಪಾಲಿಗೆ ಬಂದದ್ದು ಇಪ್ಪತ್ತೆರಡು ಮರ. ಅದರಲ್ಲೂ ಏಳು ಮರಕ್ಕೆ ರೋಗ ತಗುಲಿ ಗರಿ ಜೋತುಬಿದ್ದಿವೆ. ಆದರೂ ಊರಲ್ಲಿ ಇವತ್ತಿಗೂ ಅದು ದೊಡ್ಡ ತೋಟದವರ ಮನೆಯೇ. ತೋಟ ಭಾಗವಾಯಿತು, ಹೆಸರು ಮಾತ್ರ ಯಾರಿಗೂ ಭಾಗ ಹೋಗದೆ ಇಡಿಯಾಗಿ ಉಳಿಯಿತು.

ಶಾಂತಕುಮಾರಿ ಹದಿನಾಲ್ಕು ವರ್ಷ ತಿಪಟೂರಿನ ವರ್ತಕರೊಬ್ಬರ ಗೋದಾಮಿನಲ್ಲಿ ಕೊಬ್ಬರಿ ಒಡೆಯುವ ಕೂಲಿ ಮಾಡಿದಳು. ಸುಲಿದ ಕಾಯಿಯ ಚಿಪ್ಪನ್ನು ಸುತ್ತಲೂ ತಟ್ಟಿ ಬಿಡಿಸಿ, ಒಳಗಿನ ಉಂಡೆ ಕೊಬ್ಬರಿಗೆ ಒಂದು ಗೀರೂ ಬೀಳದ ಹಾಗೆ ಇಡಿಯಾಗಿ ತೆಗೆಯಬೇಕು. ಹೋಳಾದರೆ ಬೆಲೆ ಬೀಳುತ್ತದೆ, ಬೈಗುಳವೂ ಬೀಳುತ್ತದೆ. ಅವಳ ಕೈಯಲ್ಲಿ ಹೋಳಾದದ್ದು ಕಡಿಮೆ. ಮೂರು ವರ್ಷದ ಹಿಂದೆ ಅವರ ಬೋರ್‌ವೆಲ್ ಮೋಟಾರು ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತು. ವೈಂಡಿಂಗ್ ಅಂಗಡಿಯವನು ನಾಳೆ ಬಾ, ನಾಡಿದ್ದು ಬಾ ಎಂದು ಹತ್ತು ದಿನ ಓಡಾಡಿಸಿದ. ಹನ್ನೊಂದನೇ ದಿನ ಇವಳು ಹಟ ಹಿಡಿದು ಅಂಗಡಿ ಬಾಗಿಲಲ್ಲೇ ಕೂತಳು. ಅವನು ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದನ್ನು ಸಂಜೆವರೆಗೂ ನೋಡಿದಳು. ಮನೆಗೆ ಬಂದು ಗಂಡನಿಗೆ, ಇದು ಕೈ ಹದದ ಕೆಲಸ, ನನಗೆ ಬರುತ್ತೆ ಅಂದಳಂತೆ. ಮಹಾಂತೇಶ್ ನಕ್ಕುಬಿಟ್ಟ.

ಆ ನಗುವನ್ನು ಅವಳು ಮರೆಯಲಿಲ್ಲ. ಈ ವರ್ಷ ತಿಪಟೂರಿನ ಕಾಲೇಜೊಂದರಲ್ಲಿ ಮೋಟಾರ್ ವೈಂಡಿಂಗ್ ಕೋರ್ಸು ಶುರುವಾಗುತ್ತದೆ, ಒಂದು ವರ್ಷದ್ದು, ವಯಸ್ಸಾದವರೂ ಸೇರಬಹುದು ಎಂಬ ಪೇಪರ್ ತುಂಡು ಹಿಡಿದು ನನ್ನ ಅಂಗಡಿಗೆ ಬಂದಳು. ಮೂವತ್ತೈದು ದಾಟಿದವರು ಸೇರಿದರೆ ಫೀಸು ಸರ್ಕಾರವೇ ಕಟ್ಟುತ್ತದೆ, ಮೇಲೆ ತಿಂಗಳು ತಿಂಗಳು ಖಾತೆಗೆ ಸಹಾಯಧನ. ಆದರೆ ಕುಟುಂಬದ ಆದಾಯ ಕಡಿಮೆ ಇರಬೇಕು. ಆ ಸಹಾಯಧನ ಇಲ್ಲದೆ ಅವಳು ಕೂಲಿ ಬಿಟ್ಟು ಒಂದು ವರ್ಷ ಬೆಂಚಿನ ಮೇಲೆ ಕೂರುವ ಹಾಗೇ ಇರಲಿಲ್ಲ. ಅರ್ಜಿ ನಾನೇ ತುಂಬಿದೆ. ಆದಾಯದ ಸಾಲಿಗೆ ಬಂದಾಗ ಅವಳ ಕೈ ತಡೆಯಿತು. ನಮ್ಮನ್ನು ಬಡವರು ಅಂತ ಬರೀಬೇಕಾ ರುದ್ರಣ್ಣ ಎಂದು ಕೇಳಿದಳು. ಬಡವರು ಅಂತ ಅಲ್ಲ, ಆದಾಯ ಕಡಿಮೆ ಅಂತ, ಎರಡೂ ಬೇರೆ ಬೇರೆ ಎಂದು ನಾನು ದೊಡ್ಡ ಪಂಡಿತನ ಹಾಗೆ ಹೇಳಿ ಸಹಿ ಹಾಕಿಸಿದೆ.

ಜೂನ್‌ನಲ್ಲಿ ಸೇರಿದಳು. ಕ್ಲಾಸಿನಲ್ಲಿ ಉಳಿದವರೆಲ್ಲ ಮೀಸೆ ಚಿಗುರುತ್ತಿದ್ದ ಹುಡುಗರು. ಮೊದಲ ವಾರ ಆಂಟಿ ಆಂಟಿ ಎಂದು ಕಿಸಕಿಸ ನಕ್ಕರಂತೆ. ತಿಂಗಳೊಪ್ಪತ್ತಿನಲ್ಲಿ ತಂತಿ ಸೊಟ್ಟಗೆ ಕೂತರೆ ಅವಳ ಹತ್ತಿರವೇ ತಂದು, ಸರಿ ಮಾಡಿಕೊಡಿ ಆಂಟಿ ಅನ್ನತೊಡಗಿದರು. ಸಂಜೆ ಬಸ್ಸಿಳಿದು ನನ್ನ ಅಂಗಡಿ ಮುಂದೆ ಹಾದು ಹೋಗುವಾಗ ಅವಳ ನಡಿಗೆಯೇ ಬದಲಾಗಿತ್ತು. ನನಗೆ ಅದನ್ನು ನೋಡುವುದು ಖುಷಿಯಾಗಿತ್ತು, ಅರ್ಜಿ ತುಂಬಿದವನು ನಾನೇ ಎಂಬ ಜಂಬವೂ ಇತ್ತು.

ನವೆಂಬರ್ ಕೊನೆಯ ಭಾನುವಾರ ಚಿಕ್ಕನಾಯಕನಹಳ್ಳಿ ಕಡೆಯಿಂದ ಜೀವಿತಾಳನ್ನು ನೋಡಲು ಬಂದರು. ಹುಡುಗ ರವಿಕಿರಣ್, ಸಹಕಾರ ಸಂಘದಲ್ಲಿ ಕೆಲಸ, ಒಳ್ಳೆಯ ಮನೆತನ. ಹಿಂದಿನ ದಿನ ನಾವೆಲ್ಲ ಸೇರಿ ಅಟ್ಟ ತುಂಬಿಸಿದ್ದೆವು. ನಾನು ಅರವತ್ತು ಕಾಯಿ ಕೊಟ್ಟೆ. ನಮ್ಮ ಬೀದಿಯ ಹಿರಿಯರು ಶಂಭುಲಿಂಗಯ್ಯನವರು ಮುನ್ನೂರು ಕೊಟ್ಟರು. ಎಂಬತ್ತಮೂರು ವಯಸ್ಸು, ಈಗಲೂ ಇಸ್ತ್ರಿ ಮಾಡಿದ ಪಂಚೆ. ಹುಡುಗನ ಅಪ್ಪ ನಡುಮನೆಯಲ್ಲಿ ಕೂತು ತಲೆ ಎತ್ತಿ ನೋಡಿದ, ತೃಪ್ತಿಯಾಗಿ ಉಪ್ಪಿಟ್ಟು ತಿಂದ. ಹುಡುಗ ಹುಡುಗಿ ಒಬ್ಬರಿಗೊಬ್ಬರು ಒಪ್ಪಿದರು. ಮುಂದಿನ ವಾರದ ಶುಕ್ರವಾರ ಬಂದು ಮಾತು ಮುಗಿಸುತ್ತೇವೆ ಎಂದು ಹೇಳಿ ಹೋದರು. ಅಲ್ಲಿಯವರೆಗೂ ಕಾಯಿ ಅಟ್ಟದಲ್ಲೇ ಇರಲಿ ಎಂದು ನಾವೂ ಸುಮ್ಮನಿದ್ದೆವು.

ಮೂರನೇ ದಿನ, ಬುಧವಾರ, ಒಬ್ಬ ಸ್ಕೂಟರಿನಲ್ಲಿ ಬಂದ. ಇನ್ ಮಾಡಿದ ಅಂಗಿ, ಕೈಯಲ್ಲಿ ಬ್ಯಾಗು. ನನ್ನ ಅಂಗಡಿ ಪಕ್ಕದ ಟೀ ಹೋಟೆಲಿನಲ್ಲಿ ಕೂತು, ಶಾಂತಕುಮಾರಿ ಅವರ ಮನೆ ಯಾವುದು, ಜನ ಹೇಗೆ, ತೋಟ ಎಷ್ಟಿದೆ ಎಂದು ಮೆಲ್ಲಗೆ ಕೇಳಿದ. ಯಾಕೆ ಎಂದು ಹೇಳಲಿಲ್ಲ. ಹೇಳುವುದೇನು ಬಂತು, ನಮಗೆ ಗೊತ್ತಾಗದೆ? ಗಂಡಿನ ಕಡೆಯವರು ಯಾವಾಗಲೂ ಹೀಗೆ ಒಬ್ಬನನ್ನು ಗುಟ್ಟಾಗಿ ವಿಚಾರಿಸಲು ಕಳಿಸುತ್ತಾರೆ. ನಾನು ಅಂಗಡಿಯಿಂದ ಎದ್ದು ಬಂದು, ನೂರೈವತ್ತು ಮರ ಇದೆ ಸಾರ್, ಬಂಗಾರದಂಥ ಜನ ಅಂದೆ. ಅಲ್ಲೇ ಟೀ ಕುಡಿಯುತ್ತಾ ಕೂತಿದ್ದ ಶಂಭುಲಿಂಗಯ್ಯನವರು ನನ್ನನ್ನು ಓರೆಗಣ್ಣಲ್ಲಿ ನೋಡಿ, ಇವನಿಗೇನು ಗೊತ್ತು, ಇನ್ನೂರು ಮರ ಐತೆ, ಎರಡು ಬೋರು, ನಾಕಿಂಚು ನೀರು ಅಂದರು. ಅಷ್ಟಕ್ಕೆ ಬಿಡಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಬೀಗದ ಕೈ ಎಲ್ಲಿಡುತ್ತಾರೆಂದು ಗೊತ್ತಿದ್ದರಿಂದ, ಆ ಮನುಷ್ಯನನ್ನು ಕರೆದುಕೊಂಡು ಹೋಗಿ ಬಾಗಿಲು ತೆಗೆದು ಅಟ್ಟ ತೋರಿಸಿ, ಮಜ್ಜಿಗೆ ಕುಡಿಸಿ ಕಳಿಸಿದರು. ಅವನು ಫೋನಿನಲ್ಲಿ ಅಟ್ಟದ ಫೋಟೋ ತೆಗೆದುಕೊಂಡ. ಹುಡುಗನ ಅಮ್ಮನಿಗೆ ತೋರಿಸೋಕೆ ಎಂದು ನಾವು ಟೀ ಹೋಟೆಲಿನಲ್ಲಿ ನಕ್ಕೆವು.

ಸೋಮವಾರ ಬೆಳಿಗ್ಗೆ ಶಾಂತಕುಮಾರಿ ಒಂದು ಕಾಗದ ತಂದು ನನ್ನ ಮುಂದೆ ಹಿಡಿದಳು. ಓದಿ ಹೇಳಿ ಅನ್ನಲಿಲ್ಲ, ಅವಳೇ ಓದಿಕೊಂಡಿದ್ದಳು. ಸ್ಥಳ ಪರಿಶೀಲನೆಯ ವೇಳೆ ಅರ್ಜಿದಾರರ ಕುಟುಂಬವು ಸ್ಥಿತಿವಂತ ಕುಟುಂಬವೆಂದು ಕಂಡುಬಂದಿರುವುದರಿಂದ ಸಹಾಯಧನವನ್ನು ರದ್ದುಪಡಿಸಲಾಗಿದೆ, ಆಕ್ಷೇಪಣೆ ಇದ್ದಲ್ಲಿ ಗುರುವಾರದೊಳಗೆ ಸಲ್ಲಿಸತಕ್ಕದ್ದು. ಓದುತ್ತಿದ್ದ ಹಾಗೇ ಸ್ಕೂಟರಿನವನು ನೆನಪಾದ. ಅದೇ ಗುರುವಾರ ಅವಳಿಗೆ ಅರ್ಧ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಸಹಾಯಧನ ರದ್ದಾದರೆ ಫೀಸು ಬಾಕಿ ಎಂದು ಪರೀಕ್ಷೆಗೇ ಕೂರಿಸುವುದಿಲ್ಲ. ನನಗೆ ಸುಳ್ಳು ಹೇಳಲು ಆಗಲಿಲ್ಲ. ಸ್ಕೂಟರಿನಲ್ಲಿ ಬಂದವನು ಯಾರು, ನಾವು ಏನು ಹೇಳಿದೆವು, ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ನನ್ನ ಅರ್ಜಿ ಬರೆದ ಕೈ ನಿಮ್ದೇ ಅಲ್ವಾ ರುದ್ರಣ್ಣ" ಎಂದಳು. ಅಷ್ಟೇ.

ಅಂಗಡಿ ಬಾಗಿಲು ಹಾಕಿ ಅವಳ ಜೊತೆ ತಿಪಟೂರಿನ ಆ ಕಚೇರಿಗೆ ಹೋದೆ. ಮೇಜಿನ ಹಿಂದೆ ಅದೇ ಇನ್ ಮಾಡಿದ ಅಂಗಿ. ಹೆಸರು ಅರುಣ್ ಕುಮಾರ್. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, ನೂರೈವತ್ತು ಮರ ಅಂದವರು ನೀವೇ ಅಲ್ಲವಾ ಅಂದರು. ನೆಲ ಬಿರಿದರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಅಟ್ಟದ ಎರವಲಿನ ಕತೆ ಹೇಳಿದೆ. ಅವರು ಚಾಮರಾಜನಗರದ ಕಡೆಯವರು, ಇಂಥದ್ದು ಕೇಳಿಯೇ ಇರಲಿಲ್ಲ. ನಂಬಿದರೋ ಬಿಟ್ಟರೋ ಮುಖದಲ್ಲಿ ಗೊತ್ತಾಗಲಿಲ್ಲ. ಪಹಣಿ ತೋರಿಸೋಣವೆಂದರೆ ಅದು ಇನ್ನೂ ಅಜ್ಜನ ಹೆಸರಿನಲ್ಲೇ, ಇಡೀ ತೋಟಕ್ಕೆ ಇತ್ತು. ಕೊನೆಗೆ ಫೋನಿನಲ್ಲಿದ್ದ ಫೋಟೋ ತೋರಿಸಿದರು. ಇದು ದಾಖಲೆ, ನಿಮ್ಮ ಬಾಯಿಮಾತಿಗೆ ನಾನು ಇದನ್ನು ಅಳಿಸಲಾಗುವುದಿಲ್ಲ, ಈಗ ಅಟ್ಟ ಖಾಲಿ ಮಾಡಿ ತೋರಿಸಿದರೆ ಬಚ್ಚಿಟ್ಟಿದ್ದೀರಿ ಎಂದೇ ಬರೆಯಬೇಕಾಗುತ್ತದೆ ಅಂದರು. ಒಂದು ದಾರಿ ಮಾತ್ರ ಇತ್ತು. ಬುಧವಾರ ಹನ್ನೊಂದಕ್ಕೆ ಅವರು ಮತ್ತೆ ಬರುತ್ತಾರೆ. ಆ ಕಾಯಿ ಯಾರದ್ದೋ ಅವರೇ ಬಂದು, ನನ್ನದು ಎಂದು ಹೇಳಿ, ಇಳಿಸಿಕೊಂಡು, ಮಹಜರಿಗೆ ಸಹಿ ಹಾಕಬೇಕು. ಗುರುವಾರ ಪಟ್ಟಿ ಮೇಲಕ್ಕೆ ಹೋಗುತ್ತದೆ, ಆಮೇಲೆ ಅವರ ಕೈಯಲ್ಲೂ ಏನೂ ಇಲ್ಲ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳು ಬೆರಳು ಮಡಿಸಿದಳು. ಬುಧವಾರ ಮಹಜರು, ಗುರುವಾರ ಪರೀಕ್ಷೆ, ಶುಕ್ರವಾರ ಗಂಡಿನ ಕಡೆಯವರು. ಮಹಜರು ಆದರೆ ಅಟ್ಟ ಖಾಲಿ. ಬೀದಿಯಲ್ಲಿ ಹಾಡುಹಗಲೇ ನಡೆದದ್ದು ಚಿಕ್ಕನಾಯಕನಹಳ್ಳಿಗೆ ತಲುಪಲು ಎರಡು ದಿನ ಬೇಕಿಲ್ಲ, ಎರಡು ಫೋನು ಸಾಕು. ನಾನು ಕಿಟಕಿ ಆಚೆ ತೋಟ ನೋಡುತ್ತಾ ಕೂತೆ.

ಅವತ್ತು ಸಂಜೆ ಮನೆಮನೆಗೂ ಹೋದೆ. ಕಾಲು ಹಿಡಿಯುವುದೊಂದು ಬಾಕಿ. ಕಾಯಿ ಕೊಟ್ಟವರು ಹನ್ನೊಂದು ಮನೆ. ಒಬ್ಬರಿಗೂ ಕೆಟ್ಟ ಮನಸ್ಸಿಲ್ಲ, ಆದರೆ ಒಬ್ಬರೂ ಒಪ್ಪಲಿಲ್ಲ. ಹೆಣ್ಣುಮಗಳ ಮದುವೆ ಮಾತು ನಡೀತಿರುವಾಗ ಅವರ ಮನೆ ಬರಿದು ಅಂತ ಸರ್ಕಾರದವರ ಮುಂದೆ ಹೆಂಗಪ್ಪ ಹೇಳೋದು ಅಂದರು. ಇವತ್ತು ಅವರ ಮನೆಯದ್ದು ಹೇಳಿದರೆ ನಾಳೆ ನಮ್ಮ ಮನೆಯದ್ದು ಹೇಳಲ್ವಾ ಅಂದರು. ಶಂಭುಲಿಂಗಯ್ಯನವರು ಜಗುಲಿ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಈ ಊರಿನ ಯಾವ ಮನೆಯನ್ನೂ ಸಣ್ಣದು ಮಾಡಿ ಹೊರಗಿನವರ ಹತ್ತಿರ ಇದುವರೆಗೂ ಮಾತಾಡಿಲ್ಲ, ಈಗ ಸಾಯೋ ಹೊತ್ತಿಗೆ ಅದನ್ನು ಮಾಡಿಸಬೇಡ ಎಂದು ಕೈ ಮುಗಿದುಬಿಟ್ಟರು. ಹಿರಿಯರು ಕೈ ಮುಗಿದ ಮೇಲೆ ಮುಂದೆ ಮಾತಾಡುವುದು ಹೇಗೆ? ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಹುಡುಕುತ್ತಾ ಹೋದರೆ ಕೊನೆಗೆ ನನ್ನ ಮೇಲೇ ಬಂದು ನಿಲ್ಲುತ್ತಿತ್ತು.

ಎದುರು ಮನೆ ಪುಟ್ಟಗೌರಮ್ಮನ ಬಾಗಿಲಿಗೆ ಹೋಗಲಿಲ್ಲ. ಬೇಲಿ ವಿಷಯಕ್ಕೆ ಜಗಳವಾಗಿ ಎರಡು ವರ್ಷದಿಂದ ಅವಳೂ ಶಾಂತಕುಮಾರಿಯೂ ಮುಖ ಕೊಟ್ಟು ಮಾತಾಡಿರಲಿಲ್ಲ. ಅವಳು ಕಾಯಿ ಕೊಟ್ಟಿರುವುದೇ ಇಲ್ಲ ಎಂದುಕೊಂಡಿದ್ದೆ.

ಮಂಗಳವಾರ ಶಾಂತಕುಮಾರಿ ಕ್ಲಾಸಿಗೆ ಹೋಗಲಿಲ್ಲ. ಮಹಾಂತೇಶ್ ರಾತ್ರಿಯೇ ಹೇಳಿದ್ದನಂತೆ, ಮಗಳದು ಮುಗೀಲಿ, ನಿನ್ನ ಓದು ಮುಂದಿನ ವರ್ಷ ನೋಡೋಣ. ಮುಂದಿನ ವರ್ಷ ಈ ಕೋರ್ಸು ಇರುತ್ತದೆಂದು ಯಾರೂ ಹೇಳಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅವಳು ಬೆಳಿಗ್ಗೆ ಎದ್ದು ಹಳೆಯ ಗೋದಾಮಿಗೆ ಫೋನು ಮಾಡಿ, ಸೋಮವಾರದಿಂದ ಕೂಲಿಗೆ ಬರಬಹುದಾ ಎಂದು ಕೇಳಿದಳು. ನಾನು ಹೋದಾಗ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ನಾಳೆ ಆ ಸಾಹೇಬರಿಗೆ ಬರಬೇಡಿ ಅಂತ ಹೇಳಿಬಿಡಿ ರುದ್ರಣ್ಣ, ಬುಡಿ, ನನ್ನ ಹಣೇಲಿ ಇಷ್ಟೇ ಅಂದಳು. ಉಜ್ಜಿದ ಪಾತ್ರೆಯನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದಳು. ನಾನು ಸಾಹೇಬರಿಗೆ ಫೋನು ಮಾಡಲಿಲ್ಲ. ನನ್ನಿಂದ ಆಗಲಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಜೀವಿತಾ ನನ್ನ ಅಂಗಡಿಗೆ ಬಂದಳು. ಕೆಲಸಕ್ಕೆ ರಜ ಹಾಕಿದ್ದಳು. ನನ್ನನ್ನು ಮನೆಗೆ ಕರೆದುಕೊಂಡು ಹೋಗಿ, ಅಪ್ಪ ಅಮ್ಮ ಇಬ್ಬರ ಮುಂದೆ ನಿಲ್ಲಿಸಿಕೊಂಡು ಹೇಳಿದಳು. ಒಬ್ಬಳೇ ಹೇಳಲು ಧೈರ್ಯ ಸಾಲಲಿಲ್ಲವೋ, ಸಾಕ್ಷಿ ಬೇಕಿತ್ತೋ.

"ನಿನ್ನೆ ಸಾಯಂಕಾಲನೇ ರವಿಕಿರಣ್‌ಗೆ ಫೋನ್ ಮಾಡ್ದೆ. ಅಟ್ಟದಲ್ಲಿರೋ ಕಾಯಿ ನಮ್ದಲ್ಲ, ನಮ್ಗಿರೋದು ಇಪ್ಪತ್ತೆರಡೇ ಮರ, ನಮ್ಮಮ್ಮ ಕೊಬ್ರಿ ಒಡೀತಿದ್ಲು, ಈಗ ಓದ್ತಾವ್ಳೆ ಅಂತ ಎಲ್ಲ ಹೇಳಿದೀನಿ. ಅಪ್ಪನ್ನ ಕೇಳಿ ಹೇಳ್ತೀನಿ ಅಂದ್ರು. ಇನ್ನು ಬಚ್ಚಿಡೋಕೆ ಏನೂ ಉಳಿದಿಲ್ಲ ಕಣಮ್ಮ."

ಮಹಾಂತೇಶ್ ಕೈ ಎತ್ತಿದ. ಆ ಹುಡುಗಿ ಹಿಂದೆ ಸರಿಯಲಿಲ್ಲ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ಕಂಬ ಹಿಡಿದುಕೊಂಡು ನಿಂತ. ಶಾಂತಕುಮಾರಿ ಮಗಳನ್ನು ನೋಡಿದಳು. ಸಿಟ್ಟಿತ್ತೋ, ಭಯವಿತ್ತೋ, ಹೆಮ್ಮೆ ಇತ್ತೋ, ನನಗೆ ಮೂರೂ ಕಂಡವು. ಆಮೇಲೆ ಹಿತ್ತಲಿಂದ ಏಣಿ ತಂದು ಅಟ್ಟಕ್ಕೆ ಆನಿಸಿದಳು.

ಹನ್ನೊಂದಕ್ಕೆ ಸರಿಯಾಗಿ ಸ್ಕೂಟರು ಬಂತು. ಅರುಣ್ ಕುಮಾರ್ ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಕಾಗದ ಬಿಡಿಸಿ, ಕರೀರಿ ಅಂದರು. ನಾನು ಮುಂದೆ ಬಂದು, ನನ್ನದು ಅರವತ್ತು ಕಾಯಿ ಎಂದೆ. ಬರೆದುಕೊಂಡರು. ಬೇರೆ ಯಾರು ಎಂದು ಕೇಳಿದರು. ಬೇರೆ ಯಾರೂ ಇರಲಿಲ್ಲ. ಬೀದಿಯಲ್ಲಿ ಜನ ಇದ್ದರು. ಒಬ್ಬ ಬೈಕು ಒರೆಸುತ್ತಿದ್ದ, ಇನ್ನೊಬ್ಬ ಒರೆಸುವುದನ್ನು ನೋಡುತ್ತಿದ್ದ. ಶಂಭುಲಿಂಗಯ್ಯನವರು ಜಗುಲಿ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ಅಟ್ಟದಲ್ಲಿ ಸಾವಿರಕ್ಕೂ ಮೇಲೆ ಕಾಯಿ, ಅರವತ್ತಕ್ಕೆ ಮಾತ್ರ ಒಡೆಯ. ಹನ್ನೊಂದೂವರೆಯಾಯಿತು. ಸಾಹೇಬರು ಗಡಿಯಾರ ನೋಡಿದರು. ಹನ್ನೆರಡಕ್ಕೆ ಹೊರಡುತ್ತೇನೆ, ನನಗೆ ಇನ್ನೂ ನಾಲ್ಕು ಊರಿದೆ ಎಂದರು. ಶಾಂತಕುಮಾರಿ ಏಣಿ ಹಿಡಿದೇ ನಿಂತಿದ್ದಳು. ಕೂರಲಿಲ್ಲ, ಅಳಲಿಲ್ಲ, ಯಾರನ್ನೂ ಕರೆಯಲಿಲ್ಲ. ನನಗೆ ಅವಳ ಮುಖ ನೋಡಲು ಆಗದೆ ಬಾಗಿಲ ಕಡೆ ನೋಡುತ್ತಿದ್ದೆ.

ಆಗ ಎದುರು ಮನೆಯಿಂದ ಪುಟ್ಟಗೌರಮ್ಮ ಹೊರಗೆ ಬಂದಳು. ಕಂಕುಳಲ್ಲಿ ಎರಡು ಖಾಲಿ ಚೀಲ. ಹಿಂದೆ ಗಂಡ ಕರಿಯಪ್ಪ. ಬೀದಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಗಳ ತೀರಿಸಿಕೊಳ್ಳಲು ಒಳ್ಳೇ ಹೊತ್ತು ನೋಡಿ ಬಂದಳಲ್ಲ ಎಂದು ನಾನೂ ಹಲ್ಲು ಕಚ್ಚಿದೆ. ಅವಳು ಶಾಂತಕುಮಾರಿಯ ಕಡೆ ನೋಡಲೂ ಇಲ್ಲ. ಸೀದಾ ಸಾಹೇಬರ ಮುಂದೆ ನಿಂತಳು.

"ಬರ್ಕಳಪ್ಪ. ಪುಟ್ಟಗೌರಮ್ಮ, ಗಂಡ ಕರಿಯಪ್ಪ, ನೂರೈವತ್ತು ಕಾಯಿ ನಂದು. ಸೊಸೆ ಕೈಲಿ ಕಳ್ಸಿದ್ದೆ. ಈ ಮನೇಲಿ ಕಾಯಿ ಇಲ್ಲ. ಇದ್ದಿದ್ರೆ ಈವಮ್ಮ ಹದ್ನಾಕು ವರ್ಷ ಕಂಡೋರ ಗೋದಾಮಲ್ಲಿ ಕೊಬ್ರಿ ಒಡೀತಿರ್ಲಿಲ್ಲ. ಸುಳ್ಳಾದ್ರೆ ನನ್ ನಾಲ್ಗೆ ಬಿದ್ದೋಗ್ಲಿ."

ಬೀದಿಯೆಲ್ಲ ಕೇಳುವ ಹಾಗೆ ಹೇಳಿದಳು. ನಾವು ಸ್ನೇಹಿತರು, ನೆಂಟರು, ಒಳ್ಳೆಯವರು ಯಾರೂ ಆಡಲಾಗದ ಮಾತು ಅದು. ಮಾತು ಬಿಟ್ಟವಳು, ಬೇಲಿ ಜಗಳದವಳು ಆಡಿದಳು. ಕರಿಯಪ್ಪ ಏಣಿ ಹತ್ತಿ ಕಾಯಿ ಇಳಿಸಿಕೊಟ್ಟ, ಅವಳು ಚೀಲಕ್ಕೆ ತುಂಬಿಕೊಂಡು ಹೆಬ್ಬೆಟ್ಟು ಒತ್ತಿದಳು. ಹೋಗುವಾಗ ಶಾಂತಕುಮಾರಿಯ ಪಕ್ಕ ಒಂದು ಕ್ಷಣ ನಿಂತು, ಎಷ್ಟೊತ್ತು ನಿಂತಿರ್ತೀಯೆ, ಕೂತ್ಕೊ ಎಂದು ಗದರಿ ಹೋದಳು. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ತಲೆ ತಗ್ಗಿಸಿಕೊಂಡು ಬಂದರು, ತಲೆ ತಗ್ಗಿಸಿಕೊಂಡೇ ಚೀಲ ಹೊತ್ತು ಹೋದರು. ತುಂಬಿಸುವಾಗ ನಗುತ್ತಾ ತಂದಿದ್ದ ಚೀಲ ಒಯ್ಯುವಾಗ ಎಷ್ಟು ಭಾರ ಎಂದು ನಾನೂ ನನ್ನ ಅರವತ್ತು ಕಾಯಿ ಹೊತ್ತಾಗ ತಿಳಿದುಕೊಂಡೆ. ಹನ್ನೆರಡು ದಾಟಿತು. ಸಾಹೇಬರು ಏಳಲಿಲ್ಲ. ಕೊನೆಗೆ ಅಟ್ಟದಲ್ಲಿ ಶಂಭುಲಿಂಗಯ್ಯನವರ ಮುನ್ನೂರು ಮಾತ್ರ ಉಳಿಯಿತು. ಅವರು ಕೋಲೂರಿಕೊಂಡು ಬಂದರು. ಇನ್ನೂರು ಮರ ಅಂದವನು ನಾನೇ ಸ್ವಾಮಿ, ಅದು ಸುಳ್ಳು, ಬರೆದುಕೊಳ್ಳಿ ಅಂದರು. ಹಾಗಾದರೆ ಎಷ್ಟಿದೆ ಎಂದು ಸಾಹೇಬರು ಕೇಳಿದರು. ಹಿರಿಯರು ಬಾಯಿ ತೆರೆದರು. ಅಂಕಿ ಹೇಳುವ ಬದಲು ಕಂಬದ ಕಡೆ ತಿರುಗಿದರು.

"ಇಪ್ಪತ್ತೆರಡು" ಎಂದ ಮಹಾಂತೇಶ್. ಅಷ್ಟು ಹೊತ್ತೂ ಕಂಬದ ಮರೆಯಲ್ಲಿದ್ದವನು ಈಚೆ ಬಂದಿದ್ದ. "ಏಳಕ್ಕೆ ರೋಗ. ಆಟೋ ನಂದಲ್ಲ. ಇವಳು ಕೂಲಿ ಮಾಡಿದ್ಕೇ ಮನೆ ನಡೀತು. ಅದನ್ನೂ ಬರ್ಕೊಳ್ಳಿ ಸಾರ್."

ಅರುಣ್ ಕುಮಾರ್ ಬರೆದುಕೊಂಡರು. ಅರ್ಹರು ಎಂದು ಬರೆದು, ಸಹಿ ಹಾಕಿ, ಒಂದು ಪ್ರತಿ ಜೆರಾಕ್ಸ್ ಮಾಡಿಸಿಕೊಳ್ಳಿ, ಪರೀಕ್ಷೆಗೆ ಕೂರಿಸಲು ಇದನ್ನು ತೋರಿಸಿದರೆ ಸಾಕು ಎಂದು ಶಾಂತಕುಮಾರಿಯ ಕೈಗೇ ಕೊಟ್ಟರು. ಮಜ್ಜಿಗೆ ಕೊಟ್ಟರೆ ಬೇಡ ಅಂದರು. ಹೋದ ಸಲ ಕುಡಿದದ್ದೇ ಸಾಕಾಗಿತ್ತೋ ಏನೋ.

ದೀಪ ಹಚ್ಚುವ ಹೊತ್ತಿಗೆ ಮಹಜರಿನ ಪ್ರತಿ ತೆಗೆದುಕೊಂಡು ಅವರ ಮನೆಗೆ ಹೋದೆ. ನಾನು ಒಳಗೆ ಕಾಲಿಟ್ಟದ್ದಕ್ಕೂ ಮಹಾಂತೇಶನ ಫೋನು ಬಂದದ್ದಕ್ಕೂ ಸರಿಹೋಯಿತು. ಮದುವೆ ಮಾತು ತಂದ ಮಧ್ಯಸ್ಥಗಾರ. ಮಹಾಂತೇಶ್ ಹೂಂ, ಹೂಂ ಅನ್ನುತ್ತಾ ಕೇಳಿ, ಆಗಲಿ ಬುಡಿ ಎಂದು ಫೋನು ಕೆಳಗಿಟ್ಟ. ಶುಕ್ರವಾರ ಬರುವುದಿಲ್ಲವಂತೆ, ಧನುರ್ಮಾಸ ಕಳೀಲಿ, ಆಮೇಲೆ ನೋಡೋಣ ಅಂದರಂತೆ. ಧನುರ್ಮಾಸ ಶುರುವಾಗಲು ಇನ್ನೂ ಹತ್ತು ದಿನ ಇತ್ತು. ಯಾರೂ ಲೆಕ್ಕ ಹಾಕಬೇಕಾಗಿರಲಿಲ್ಲ, ಎಲ್ಲರಿಗೂ ಅರ್ಥವಾಯಿತು.

ಶಾಂತಕುಮಾರಿ ನೆಲದ ಮೇಲೆ ಕೂತಳು. ಬೆಳಗಿನಿಂದ ಬಾರದ ಅಳು ಆಗ ಬಂತು. ನನ್ನ ಓದು ನಿನ್ನ ಮದುವೇನೇ ತಿಂದುಬಿಡ್ತಲ್ಲೇ ಎಂದು ಮಗಳ ಮುಂದೆ ಬಿಕ್ಕಿದಳು. ನಾನು ಬಾಗಿಲಲ್ಲಿ ಕಾಗದ ಹಿಡಿದುಕೊಂಡು ನಿಂತಿದ್ದೆ. ನನ್ನಷ್ಟು ನಿಷ್ಪ್ರಯೋಜಕ ಮನುಷ್ಯ ಆ ಹೊತ್ತಿಗೆ ಇಡೀ ತಾಲೂಕಿನಲ್ಲಿ ಇರಲಿಲ್ಲ.

ಜೀವಿತಾಳ ಕಣ್ಣೂ ತುಂಬಿತ್ತು. ಆ ಹುಡುಗನನ್ನು ಅವಳು ಇಷ್ಟಪಟ್ಟಿದ್ದಳು. ನಾನು ನೋಡಿದ್ದೆ, ಬಂದ ದಿನ ಕಾಫಿ ಕೊಡುವಾಗ ಅವಳ ಮುಖ ಹೇಗಿತ್ತೆಂದು. ಅವಳು ಅಮ್ಮನ ಸೆರಗಿನಲ್ಲೇ ಅಮ್ಮನ ಮುಖ ಒರೆಸಿ, ಗೂಡಿನಲ್ಲಿದ್ದ ನೋಟುಪುಸ್ತಕ ತಂದು ಅವಳ ತೊಡೆಯ ಮೇಲಿಟ್ಟಳು.

"ನಾಳೆ ಪರೀಕ್ಷೆ ಇಟ್ಕೊಂಡು ಅಳ್ತಾ ಕೂತ್ರೆ ಆಗುತ್ತೇನಮ್ಮ. ಓದ್ಕೊ. ನಾನು ಅನ್ನಕ್ಕಿಡ್ತೀನಿ."

ಶಾಂತಕುಮಾರಿ ಪುಸ್ತಕ ಬಿಚ್ಚಿದಳು. ಒಳಗಿನಿಂದ ಜೀವಿತಾ ಅಕ್ಕಿ ತೊಳೆಯುತ್ತಲೇ ಒಂದೊಂದೇ ಪ್ರಶ್ನೆ ಕೇಳತೊಡಗಿದಳು, ಮಕ್ಕಳಿಗೆ ಮಗ್ಗಿ ಒಪ್ಪಿಸಲು ಹೇಳುವ ಹಾಗೆ. ಮೊದಲನೆಯದು ಅಮ್ಮ ತಪ್ಪು ಹೇಳಿದಳು. ಇನ್ನೊಂದು ಸಲ ನೋಡ್ಕೊ ಅಂತ ಒಳಗಿನಿಂದ ಗದರಿಕೆ ಬಂತು. ಎರಡನೆಯದು ಸರಿ ಹೇಳಿದಳು. ನಾನು ಮಹಜರಿನ ಪ್ರತಿಯನ್ನು ಮಹಾಂತೇಶನ ಕೈಗೆ ಕೊಟ್ಟು, ಸದ್ದು ಮಾಡದೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.